ಹಿಂದ್ಮನೆ ಅಕ್ಕನ ಕೆಂಪು ದೀಪ

ಕಳೆದ ಭಾನುವಾರ ಅಡುಗೆಮನೆಯಲ್ಲಿ ಪಿ.ವಿ.ಸಿ. ಪೈಪಿನ ತುಂಡೊಂದನ್ನು ಗ್ಯಾಸಿನ ಉರಿಗೆ ಹಿಡಿದಿದ್ದೆ. ತಾರಸಿಯ ಮೇಲಿನ ನೀರಿನ ಟ್ಯಾಂಕು ತುಂಬಿದ ಕೂಡಲೇ ಮೋಟಾರು ತಾನಾಗಿ ನಿಲ್ಲಲಿ ಎಂದು ಒಂದು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು ತರಿಸಿದ್ದೆ. ಅದನ್ನು ಗೋಡೆಗೆ ಕೂರಿಸಲು ಒಂದು ಸ್ಟ್ಯಾಂಡು ಬೇಕಿತ್ತು. ಪೈಪನ್ನು ಉದ್ದಕ್ಕೆ ಸೀಳಿ, ಬಿಸಿ ಮಾಡಿ, ಮೆತ್ತಗಾದಾಗ ಮಣೆಯ ಕೆಳಗೆ ಒತ್ತಿದರೆ ಹಾಳೆಯಂತೆ ಚಪ್ಪಟೆಯಾಗುತ್ತದೆ. ಆಮೇಲೆ ಬೇಕಾದ ಹಾಗೆ ಬಗ್ಗಿಸಬಹುದು, ತೂತು ಹೊಡೆಯಬಹುದು. ಹೇಳಲಿಕ್ಕೆ ಇಷ್ಟು ಸುಲಭ. ಮಾಡುವಾಗ ಉರಿ ಜಾಸ್ತಿಯಾಯಿತು. ಪೈಪಿನ ಅಂಚು ಕಂದಿ, ಮೂಗು ಹಿಂಡುವಂಥ ಕಮಟು ವಾಸನೆ ಮನೆ ತುಂಬಿತು.

"ಏನ್ ಸುಡ್ತಿದೀಯ ಅಲ್ಲಿ?" ಎಂದು ಹಾಲಿನಿಂದ ನನ್ನ ಗಂಡ ಕೂಗಿದರು.

ಉತ್ತರ ಕೊಡಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ಇದೇ ವಾಸನೆಯ ನಡುವೆ ನಿಂತು ಹಿಂದೊಮ್ಮೆ ಇನ್ನೊಬ್ಬಳು ನನ್ನನ್ನು ಚೆನ್ನಾಗಿ ಬೈದಿದ್ದಳು...

ಆಗ ನಾನು ಇದ್ದದ್ದು ಭದ್ರಾವತಿಯ ನ್ಯೂಟೌನಿನಲ್ಲಿ, ಒಂದು ಬಾಡಿಗೆ ಮನೆಯಲ್ಲಿ. ಅಲ್ಲಿನ ಡಿಪ್ಲೊಮಾ ಕಾಲೇಜೊಂದರಲ್ಲಿ ಗುತ್ತಿಗೆಯ ಮೇಲೆ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದೆ. ಇನ್ನೂ ಮದುವೆಯಾಗಿರಲಿಲ್ಲ. ನನ್ನ ಮನೆಗೂ ಹಿಂದಿನ ಮನೆಗೂ ಸೇರಿ ಒಂದೇ ಹಿತ್ತಲು, ಬಟ್ಟೆ ಒಗೆಯಲು ಒಂದೇ ಕಲ್ಲು. ಆ ಮನೆಯ ಹೆಂಗಸನ್ನು ಬೀದಿಯವರು ಎದುರಿಗೇ ‘ಕಿವುಡಿ’ ಎನ್ನುತ್ತಿದ್ದರು. ಕೇಳಿಸುವುದಿಲ್ಲವಲ್ಲ ಎಂಬ ಧೈರ್ಯ. ಅವಳಿಗೆ ತುಟಿ ಓದಲು ಬರುತ್ತದೆ ಎಂಬುದು ಮಾತ್ರ ಯಾರಿಗೂ ನೆನಪಿರುತ್ತಿರಲಿಲ್ಲ. ನಾನು ಹಿಂದ್ಮನೆ ಅಕ್ಕ ಎನ್ನುತ್ತಿದ್ದೆ.

ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತಂತೆ. ಅಷ್ಟರಲ್ಲಿ ಮಾತು ಕಲಿತಾಗಿದ್ದರಿಂದ ಮಾತಾಡುತ್ತಿದ್ದಳು. ಆದರೆ ಆ ದನಿಗೆ ಏರಿಳಿತವಿರಲಿಲ್ಲ. ಗುಟ್ಟು ಹೇಳಿದರೂ ಬೀದಿಯ ಆ ತುದಿಗೆ ಕೇಳುತ್ತಿತ್ತು. ಶಾಲೆಗೆ ಹೋದವಳಲ್ಲ, ಅಕ್ಷರ ಬರುತ್ತಿರಲಿಲ್ಲ. ಮೊದಮೊದಲು ನಾನು ಮರ್ಯಾದೆಯಿಂದ ನೀವು, ತಾವು ಎನ್ನುತ್ತಿದ್ದೆ. ಒಂದು ದಿನ ಒಗೆಯುವ ಕಲ್ಲಿನ ಹತ್ತಿರ ಅವಳು ರೇಗಿಯೇ ಬಿಟ್ಟಳು.

"ನೀನು ಅನ್ನು ಮಾರಾಯ್ತಿ. ಬಹುವಚನ ಹಚ್ಚಿದ್ರೆ ಮಾತು ಉದ್ದ ಆಗುತ್ತೆ, ಓದಿ ಓದಿ ನನ್ ಕಣ್ಣು ನೋಯುತ್ತೆ. ಮುಖ ಒಂದು ಆ ಕಡೆ ತಿರುಗಿಸ್ಬೇಡ, ಅಷ್ಟೇ."

ಹಾಗೆ ನಮಗೆ ಸ್ನೇಹವಾಯಿತು.

ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವಳಿಗೊಂದು ಹೆಣ್ಣು ಮಗು ಹುಟ್ಟಿತ್ತು. ಗಂಡ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುವವರು, ಹೆಚ್ಚು ಮಾತಿಲ್ಲದ ಮನುಷ್ಯ. ಅವರು ಮನೆಯಲ್ಲಿ ಇಲ್ಲದಾಗ ಅಕ್ಕ ತೊಟ್ಟಿಲಿಗೂ ತನ್ನ ಕಾಲಿಗೂ ಒಂದು ದಾರ ಕಟ್ಟಿಕೊಳ್ಳುತ್ತಿದ್ದಳು. ಮಗು ಎದ್ದು ಕೈಕಾಲು ಬಡಿದರೆ ತೊಟ್ಟಿಲು ಅಲುಗಿ ದಾರ ಎಳೆಯುತ್ತಿತ್ತು. ಅಡುಗೆಮನೆಯವರೆಗೆ ಆ ದಾರ ಸಾಕಾಗುತ್ತಿತ್ತು. ಹಿತ್ತಲಿಗೆ ಬಂದರೆ ಸಾಲದು. ಎರಡು ಬಟ್ಟೆ ಕುಸುಬುವುದು, ಒಳಗೆ ಓಡುವುದು, ನೋಡಿ ಬರುವುದು, ಮತ್ತೆ ಎರಡು ಬಟ್ಟೆ... ನೋಡುವವರಿಗೇ ಸುಸ್ತಾಗುತ್ತಿತ್ತು.

ಇದೆಲ್ಲ ಅವಳ ಅತ್ತೆಯ ಕಣ್ಣಿಗೂ ಬಿದ್ದಿತ್ತು. ಅತ್ತೆ ಇದ್ದದ್ದು ಆಯನೂರಿನಲ್ಲಿ, ಮಗಳ ಮನೆಯಲ್ಲಿ. ಆಗಾಗ ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದರು. ಒಮ್ಮೆ ನನ್ನೆದುರಿಗೇ ಮಗನಿಗೆ ಹೇಳಿದರು: "ಮಗು ಬಾಯಿ ಹರ್ಕೊಂಡು ಅತ್ರೂ ಇವ್ಳಿಗೆ ಗೊತ್ತಾಗಲ್ಲ ಕಣೋ. ಅನ್ನ ತಿನ್ನೋಕೆ ಶುರು ಮಾಡ್ಲಿ, ಕರ್ಕೊಂಡು ಹೋಗ್ತೀನಿ. ಅಲ್ಲಿ ನಿಮ್ಮಕ್ಕ ಇದಾಳೆ, ಅವಳ ಮಕ್ಕಳ ಜೊತೆ ಬೆಳೀಲಿ."

ಅಕ್ಕ ಅತ್ತೆಯ ತುಟಿಯನ್ನೇ ನೋಡುತ್ತಿದ್ದಳು. ಆ ಸಂಜೆ ನನ್ನ ಬಾಗಿಲಿಗೆ ಬಂದು, "ನೀನು ಕರೆಂಟಿನ ಪಾಠ ಮಾಡ್ತೀಯಲ್ಲ, ನಂಗೊಂದು ಕಿವಿ ಮಾಡ್ಕೊಡು" ಎಂದಳು.

ನನಗೆ ಅದೇನು ದೊಡ್ಡ ಕೆಲಸ ಅನ್ನಿಸಲಿಲ್ಲ. ಅಂಗೈಯಗಲದ ಒಂದು ಬೋರ್ಡು, ಅದಕ್ಕೆ ಅಂಗಿಯ ಗುಂಡಿಯಷ್ಟು ಪುಟ್ಟ ಮೈಕು. ಮಗು ಅತ್ತರೆ ಅಡುಗೆಮನೆಯಲ್ಲಿ ಒಂದು, ಹಿತ್ತಲ ಬಾಗಿಲಿನಲ್ಲಿ ಒಂದು ಕೆಂಪು ದೀಪ ಮಿನುಗಬೇಕು. ಮೇಜಿನ ಮೇಲೆ ಅದನ್ನು ಒಂದೇ ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದೆ. ಚಪ್ಪಾಳೆ ತಟ್ಟಿದರೆ ದೀಪ ಹತ್ತುತ್ತಿತ್ತು. ಅದನ್ನು ತೊಟ್ಟಿಲ ಹತ್ತಿರ ನಿಲ್ಲಿಸುವುದೊಂದು ಬಾಕಿ ಇತ್ತು. ಆ ಒಂದು ಬಾಕಿ ಕೆಲಸ ನನ್ನ ಪ್ರಾಣ ತಿಂದಿತು.

ಮೊದಲು ಎರಡೂ ಕಡೆ ಅಂಟಿರುವ ಟೇಪಿನಿಂದ ತೊಟ್ಟಿಲ ಚೌಕಟ್ಟಿಗೇ ಅಂಟಿಸಿದೆ. ತೊಟ್ಟಿಲು ತೂಗಿದಂತೆಲ್ಲ ವೈರು ಜಗ್ಗಿ ಕಿತ್ತು ಬಂತು. ಬೆಸುಗೆ ಹಾಕಿದೆ, ಮತ್ತೆ ಕಿತ್ತಿತು. ಕಿತ್ತು ಬಾರದ ದಿನ ತೊಟ್ಟಿಲ ಸರಪಳಿಯ ಕಿರುಗುಟ್ಟುವಿಕೆಗೇ ದೀಪ ಹತ್ತಿಕೊಳ್ಳುತ್ತಿತ್ತು. ಬಿಸಿಲು ಏರಿದ ಮೇಲೆ ಟೇಪು ತಾನಾಗಿ ಜಾರಿ, ಬೋರ್ಡು ನೇತಾಡತೊಡಗಿತು.

ಆಮೇಲೆ ತಿಂಡಿ ಡಬ್ಬಿಯ ಸ್ಟೀಲ್ ಮುಚ್ಚಳದಲ್ಲಿ ಬೋರ್ಡನ್ನು ಕೂರಿಸಿದೆ. ಬುದ್ಧಿ ಎಲ್ಲಿಟ್ಟಿದ್ದೆನೋ! ಬೋರ್ಡಿನ ಬೆನ್ನ ಮೇಲೆ ಬೆಸುಗೆಯ ಮೊನೆಗಳಿರುತ್ತವೆ, ಅವು ಲೋಹಕ್ಕೆ ತಾಗಬಾರದು ಎಂದು ತರಗತಿಯಲ್ಲಿ ಹೇಳುವವಳೇ ನಾನು. ಸ್ವಿಚ್ ಹಾಕಿದ ಕೂಡಲೇ ‘ಪಟ್’ ಎಂದಿತು. ಬೋರ್ಡು ಸತ್ತಿತು. ನನ್ನ ಬಾಯಿಂದ ಒಂದು ಕೆಟ್ಟ ಮಾತು ಜಾರಿತು, ಪಿಸುದನಿಯಲ್ಲಿ.

"ಇಂಥಾ ಮಾತೂ ಕಲಿಸ್ತಾರಾ ನಿಮ್ ಕಾಲೇಜಲ್ಲಿ?" ಎಂದಳು ಅಕ್ಕ, ಬೀದಿಗೆ ಕೇಳುವಂತೆ.

ಹೊಸ ಬೋರ್ಡು ಬರಲು ಕಾದೆ. ಬಂತು. ಈ ಸಲ ಪ್ಲೈವುಡ್ಡಿನ ತುಂಡಿಗೆ ಬಿಗಿದು ಗೋಡೆಗೆ ಹೊಡೆಯೋಣವೆಂದರೆ, ಆ ಹಳೆಯ ಗೋಡೆ ಮೊಳೆ ಹಿಡಿಯಲಿಲ್ಲ. ಹೊಡೆದಲ್ಲೆಲ್ಲ ಗಾರೆ ಉದುರಿ ಗುಳಿ ಬಿತ್ತು. ಕೊನೆಗೆ ಬಾಗಿಲ ಚೌಕಟ್ಟಿಗೆ ಹೊಡೆದೆ. ತೊಟ್ಟಿಲಿಗೆ ಅದು ದೂರವಾಯಿತು. ದೂರವಾಯಿತೆಂದು ಮೈಕನ್ನು ಹೆಚ್ಚು ಸೂಕ್ಷ್ಮ ಮಾಡಿದೆ. ಈಗ ಅದಕ್ಕೆ ಮಗು ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿಸತೊಡಗಿತು. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ದೀಪ. ಕಾರ್ಖಾನೆಯ ಸೈರನ್ನಿಗೆ ದೀಪ. ರೈಲು ಹೋದರೆ, ತರಕಾರಿ ಗಾಡಿಯವನು ಕೂಗಿದರೆ, ಎದುರು ಮನೆಯವರು ಕಿಟಕಿಯಿಂದ ತಮಿಳಿನಲ್ಲಿ ಜಗಳವಾಡಿದರೆ ದೀಪ. ಪ್ರತಿ ಸಲವೂ ಅಕ್ಕ ಸೋಪಿನ ಕೈಯಲ್ಲೇ ಓಡುತ್ತಿದ್ದಳು. ಮಗು ಆರಾಮಾಗಿ ನಿದ್ದೆ ಹೊಡೆಯುತ್ತಿತ್ತು. ಹೀಗೇ ಒಂದು ಬೆಳಿಗ್ಗೆ ಓಡಿ ಓಡಿ ಸಾಕಾಗಿ, ಬಲ್ಬನ್ನು ಹೋಲ್ಡರ್ ಸಮೇತ ತಂದು ನನ್ನ ಮೇಜಿನ ಮೇಲೆ ಕುಕ್ಕಿದಳು.

"ನಿನ್ ದೀಪಕ್ಕೆ ಕಿವಿ ಜಾಸ್ತಿ ಆಯ್ತು. ನಂಗೆ ನನ್ ಮಗು ಒಂದು ಕೇಳಿದ್ರೆ ಸಾಕು ಮಾರಾಯ್ತಿ, ಊರಿನ ಗಲಾಟೆ ಎಲ್ಲ ಬೇಡ."

ನನಗೂ ಸಿಟ್ಟು ಬಂತು. ಕಾಲೇಜಿನ ಕೆಲಸ ಮುಗಿಸಿ ಬಂದು, ಪುಕ್ಕಟೆಯಾಗಿ ಒದ್ದಾಡುತ್ತಿದ್ದೇನೆ, ಮೇಲಿಂದ ಇವಳ ಮಾತು ಬೇರೆ ಅನ್ನಿಸಿತು. ಮುಖ ತಿರುಗಿಸಿಕೊಂಡು ಕೂತೆ. ಅವಳೊಡನೆ ಜಗಳವಾಡುವ ಸುಲಭದ ದಾರಿ ಅದು, ಮುಖ ತಿರುಗಿಸಿದರೆ ಮಾತು ಮುಗಿದಂತೆ. ಅವಳು ಸುತ್ತಿ ಬಂದು ಮತ್ತೆ ನನ್ನೆದುರಿಗೆ ಕೂತಳು. ಆಮೇಲೆ, "ಅತ್ತೆ ಬರೋ ವಾರ ಬರ್ತಾರಂತೆ" ಎಂದಳು.

ಹಾಗೆ ಪಿ.ವಿ.ಸಿ. ಪೈಪಿಗೆ ಬಂದೆವು. ಹಿತ್ತಲಿನಲ್ಲಿ ಸೀಮೆಎಣ್ಣೆ ಸ್ಟವ್ ಹಚ್ಚಿ, ಇಕ್ಕಳದಲ್ಲಿ ಪೈಪು ಹಿಡಿದು ನಾನು ಬಿಸಿ ಮಾಡುವುದು, ಅವಳು ಮಣೆ ಹಾಕಿ ಮೇಲೆ ಕೂರುವುದು. ಮೊದಲ ತುಂಡು ಕರಕಲಾಯಿತು. ಎರಡನೆಯದು ಒತ್ತುವಷ್ಟರಲ್ಲಿ ಗಟ್ಟಿಯಾಗಿ ಸೀಳಿತು. ಆ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಅವಳು ನನ್ನನ್ನು, ನನ್ನ ಕಾಲೇಜನ್ನು, ಪೈಪು ಕಂಡುಹಿಡಿದವನನ್ನು ಸೇರಿಸಿ ಬೈದಳು. ಹೇಗೋ ಒಂದು ತುಂಡು ನೆಟ್ಟಗೆ ಬಂತು. ಅದರ ತುದಿ ಬಗ್ಗಿಸಿ, ತೊಟ್ಟಿಲ ಪಕ್ಕದ ಕಿಟಕಿಯ ಸರಳಿಗೆ ಕೊಕ್ಕೆಯಂತೆ ತಗುಲಿಹಾಕಿದೆವು. ಕೊಕ್ಕೆ ಅಲುಗದಂತೆ ಹಳೆಯ ಹವಾಯಿ ಚಪ್ಪಲಿಯ ರಬ್ಬರು. ಬೋರ್ಡಿನ ಬೆನ್ನು ಎಲ್ಲಿಗೂ ತಾಗದಂತೆ ಬಾಲ್‌ಪೆನ್ನಿನ ಕೊಳವೆಯನ್ನು ತುಂಡು ತುಂಡು ಮಾಡಿ, ನಾಲ್ಕು ಮೂಲೆಗೂ ಕಾಲು ಕೊಟ್ಟು ಸ್ಕ್ರೂ ಹಾಕಿದೆ. ನೋಡಲು ಒಂದಿಷ್ಟೂ ಚೆಂದವಿರಲಿಲ್ಲ. ಆದರೆ ಗಟ್ಟಿ ನಿಂತಿತು.

ಅವತ್ತು ಸಂಜೆ ಮಗು ಎದ್ದು ರಾಗ ತೆಗೆದ ಕೂಡಲೇ ದೀಪ ಹತ್ತಿತು. ಅಕ್ಕ ಒಳಗೆ ಓಡಿದಳು, ನಾನೂ ಓಡಿದೆ. ಈ ಸಲ ಮಗು ನಿಜವಾಗಿ ಅಳುತ್ತಿತ್ತು. ಅದನ್ನು ಎತ್ತಿಕೊಳ್ಳುವುದನ್ನೂ ಮರೆತು ಅವಳು ಒಮ್ಮೆ ಮಗುವಿನ ಬಾಯಿ ನೋಡಿದಳು, ಒಮ್ಮೆ ಅಡುಗೆಮನೆಯ ದೀಪ ನೋಡಿದಳು, ಮತ್ತೆ ಬಾಯಿ ನೋಡಿದಳು. ಅದಾದ ಮೇಲೆ ಮಗು ಮಲಗಿರುವಾಗ ತಾನೇ ಮೈಕಿನ ಮುಂದೆ ನಿಂತು ‘ಆ... ಆ...’ ಎಂದು ಅತ್ತು ನೋಡುವುದು ಒಂದು ಆಟವಾಯಿತು. "ನನ್ ದನಿ ಇಷ್ಟು ಜೋರಾ?" ಎಂದು ಆಶ್ಚರ್ಯಪಟ್ಟಳು. ಹೌದೆಂದು ತಲೆಯಾಡಿಸಿದೆ. ಅವಳು ನಾಚಿಕೊಂಡದ್ದನ್ನು ನಾನು ಮೊದಲ ಸಲ ಕಂಡೆ.

ಹೇಳಿದ ವಾರ ಅತ್ತೆ ಬಂದರು. ಅವರು ಬಂದ ಮರುದಿನ ನಾನು ಕಾಲೇಜಿನಿಂದ ಮರಳುವಾಗ ಹಿಂದಿನ ಮನೆಯಲ್ಲಿ ರಂಪವಾಗಿತ್ತು. ಅಕ್ಕ ಒಗೆಯುವ ಕಲ್ಲಿನ ಹತ್ತಿರ ಇದ್ದಳಂತೆ. ಪಕ್ಕದ ಮನೆಗೆ ಮಾತಿಗೆ ಹೋಗಿದ್ದ ಅತ್ತೆ ಹಿಂತಿರುಗಿ ನೋಡಿದರೆ, ಮಗು ಅತ್ತು ಅತ್ತು ಕೆಂಪಾಗಿ, ದನಿ ಕಟ್ಟಿ ಬಿಕ್ಕುತ್ತಿದೆ. ಹಿತ್ತಲ ಬಾಗಿಲಿನ ದೀಪ ಹತ್ತಿಯೇ ಇಲ್ಲ. ನಾನು ಕಿಟಕಿಯ ಹತ್ತಿರ ಹೋಗಿ ನೋಡಿದೆ. ನಮ್ಮ ಪಿ.ವಿ.ಸಿ. ಕೊಕ್ಕೆಯ ಮೇಲೆ, ಮೈಕನ್ನು ಪೂರ್ತಿ ಮುಚ್ಚುವಂತೆ, ಮಗುವಿನ ಒದ್ದೆ ಬಟ್ಟೆಯೊಂದನ್ನು ಒಣಹಾಕಲಾಗಿತ್ತು.

"ಅಜ್ಜಿ, ಈ ಬಟ್ಟೆ ನೀವು ಹಾಕಿದ್ರಾ?"

"ಹೌದಮ್ಮ. ಕೊಕ್ಕೆ ಇತ್ತು, ಹಾಕ್ದೆ."

"ಅದಕ್ಕೇ ದೀಪ ಹತ್ತಿಲ್ಲ. ಬಟ್ಟೆ ಮುಚ್ಚಿದ್ರೆ ಅದಕ್ಕೆ ಕೇಳಿಸಲ್ಲ."

"ಅಂದ್ರೆ ಅದಕ್ಕೂ ಕಿವುಡು ಅನ್ನು" ಎಂದರು ಅತ್ತೆ. ಅಲ್ಲಿಗೆ ವಿಚಾರಣೆ ಮುಗಿಯಿತು.

ನಾನು ಎಷ್ಟು ಹೇಳಿದರೂ ಯಾರ ಕಿವಿಗೂ ಹೋಗಲಿಲ್ಲ. ಕಿವಿ ಇದ್ದವರೇ ಎಲ್ಲರೂ. ಅಕ್ಕನ ಗಂಡ ಗೋಡೆಯ ಕಡೆ ನೋಡುತ್ತ, "ನಾಲ್ಕು ದಿನ ಇದ್ದು ಬರ್ಲಿ ಬಿಡಿ ಮೇಡಂ" ಎಂದರು. ಮರುದಿನ ಬೆಳಿಗ್ಗೆ ಅತ್ತೆ, ಅನ್ನ ತಿನ್ನುವವರೆಗೂ ಕಾಯದೆ, ಮಗುವನ್ನು ಎತ್ತಿಕೊಂಡು ಆಯನೂರಿಗೆ ಹೊರಟೇಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಸಂಜೆ ಹಿತ್ತಲಲ್ಲಿ ಕೂತು ಅತ್ತೆಯನ್ನು ಬಾಯಿಗೆ ಬಂದಂತೆ ಬೈದೆ. ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದವಳು ತಡೆದಳು.

"ಬೇಕಂತ ಮಾಡಿಲ್ಲ ಅವ್ರು. ಕೊಕ್ಕೆ ಕಂಡ್ರೆ ಬಟ್ಟೆ ಹಾಕೋದು ಅವ್ರ ಕೈ ಅಭ್ಯಾಸ. ನೀನ್ಯಾಕೆ ಅದನ್ನ ಕೊಕ್ಕೆ ಥರ ಮಾಡ್ದೆ?"

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಎರಡು ದಿನ ಅವಳು ಹಿತ್ತಲಿಗೆ ಬರಲಿಲ್ಲ. ನಂತರದ ಭಾನುವಾರ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಬಂದು ನಿಂತಳು. ಮುಖ ಬಾಡಿತ್ತು. "ಹಾಲು ಕಟ್ಟಿ ಎದೆ ಕಲ್ಲಾಗಿದೆ. ಆಯನೂರಿಗೆ ಹೋಗ್ತೀನಿ. ಬಸ್ಸಿನ ಕಂಡಕ್ಟರು ಏನು ಕೂಗ್ತಾನೋ ನಂಗೆ ಗೊತ್ತಾಗಲ್ಲ, ಬಾ ಜೊತೆಗೆ" ಎಂದಳು. ಗಂಡ ಬೆಳಗಿನ ಪಾಳಿಗೆ ಹೋಗಿದ್ದರು. ಅವರಿಗೆ ಹೇಳಿದ್ದೀಯಾ ಎಂದು ಕೇಳಿದೆ. "ಬಂದ್ಮೇಲೆ ನೋಡ್ತಾರಲ್ಲ" ಎಂದಳು.

ಶಿವಮೊಗ್ಗದಲ್ಲಿ ಇಳಿದು ಸಾಗರದ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ನಾನು ಅಲ್ಲಿ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಮೈಕು, ಒದ್ದೆ ಬಟ್ಟೆ, ಹೊಸ ಬಗೆಯ ಸ್ಟ್ಯಾಂಡು... ಬೇಕಾದರೆ ಅಲ್ಲೇ ಒಂದು ಸಲ ತೋರಿಸೋಣವೆಂದು ಬೋರ್ಡನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ಅಕ್ಕ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

ಅಕ್ಕನ ಅತ್ತಿಗೆಯ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಹಾಲಿನಲ್ಲಿ ಟಿ.ವಿ. ಜೋರಾಗಿ ಹಾಡುತ್ತಿತ್ತು. ಅದರ ಮುಂದೆ ಅತ್ತೆ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಅಡುಗೆಮನೆಯಲ್ಲಿ ಅತ್ತಿಗೆ ನಮಗೆ ಬೆನ್ನು ಹಾಕಿ ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಕರೆದೆ. ಯಾರಿಗೂ ಕೇಳಿಸಲಿಲ್ಲ. ಅಕ್ಕ ಯಾರನ್ನೂ ಕರೆಯದೆ ನೇರವಾಗಿ ಕೋಣೆಗೆ ಹೋದಳು. ಅಲ್ಲಿ ಚಾಪೆಯ ಮೇಲೆ ಮಗು ಮಗುಚಿಕೊಂಡು ಬಿದ್ದು, ನೆಲಕ್ಕೆ ಮುಖ ಒತ್ತಿ ಅಳುತ್ತಿತ್ತು. ಎಷ್ಟು ಹೊತ್ತಿನಿಂದಲೋ. ಗಲ್ಲದ ಕೆಳಗೆ ಜೊಲ್ಲು, ಕಣ್ಣೀರು ಸೇರಿ ಚಾಪೆ ಒದ್ದೆಯಾಗಿತ್ತು.

ಅವಳು ಮಗುವನ್ನು ಎತ್ತಿಕೊಂಡು, ಅಲ್ಲೇ ಗೋಡೆಗೆ ಒರಗಿ ಕೂತು ಎದೆಗೆ ಹಾಕಿಕೊಂಡಳು. ಮಿಕ್ಸಿ ನಿಂತಿತು. ಅತ್ತಿಗೆ ಕೈ ಒರೆಸುತ್ತ ಬಂದವಳು ನಮ್ಮನ್ನು ಕಂಡು ಬೆಚ್ಚಿದಳು. ಅತ್ತೆಯೂ ಎದ್ದು ಬಂದರು.

"ಅಯ್ಯೋ, ಈಗ್ ತಾನೇ ಮಲಗಿತ್ತಲ್ಲ..." ಎಂದಳು ಅತ್ತಿಗೆ.

ಅಕ್ಕ ತಲೆಯೆತ್ತಿದಳು. "ಕಿವಿ ಇದ್ದೋರ ಮನೇಲೂ ಮಗು ಒಂಟಿಯಾಗೇ ಅಳುತ್ತೆ ಅತ್ತಿಗೆ" ಎಂದಳು. ಆ ಏರಿಳಿತವಿಲ್ಲದ ದನಿಯಲ್ಲಿ ಸಿಟ್ಟಿದೆಯೋ ದುಃಖವಿದೆಯೋ ನನಗೆ ತಿಳಿಯಲಿಲ್ಲ. ಅತ್ತೆ ಏನೋ ಹೇಳಲು ಹೋದರು. ಅಕ್ಕ ಕಣ್ಣು ಮುಚ್ಚಿಕೊಂಡಳು. ಅವಳು ಕಣ್ಣು ಮುಚ್ಚಿದರೆ ಅವಳಿಗೆ ಯಾರೂ ಏನೂ ಹೇಳುವಂತಿರಲಿಲ್ಲ. ಮಗು ಕುಡಿದು ಮುಗಿಸುವವರೆಗೆ ಹಾಗೇ ಇದ್ದಳು. ಅತ್ತಿಗೆ ಕೆಟ್ಟವಳಲ್ಲ, ಪಾಪ, ಊಟ ಮಾಡಿಕೊಂಡು ಹೋಗಿ ಎಂದಳು. ಊಟ ಮಾಡಿಯೇ ಹೊರಟೆವು. ಅತ್ತೆ ತಡೆಯಲಿಲ್ಲ. ಮಗುವಿನ ಬಟ್ಟೆಗಳನ್ನು ತಾವೇ ಮಡಿಸಿ ಚೀಲಕ್ಕೆ ತುಂಬಿ ಕೊಟ್ಟರು. ನಾನು ಜೋಡಿಸಿಕೊಂಡು ಹೋಗಿದ್ದ ಮಾತುಗಳಲ್ಲಿ ಒಂದನ್ನೂ ಆಡುವ ಸಂದರ್ಭ ಬರಲಿಲ್ಲ.

ಮರಳುವ ದಾರಿಯಲ್ಲಿ ಮಲವಗೊಪ್ಪ ದಾಟುವಾಗ ಬಸ್ಸಿನಲ್ಲಿ ಮಗು ಮತ್ತೆ ಅಳತೊಡಗಿತು. ಎಲ್ಲರೂ ತಿರುಗಿ ನೋಡಿದರು. ನಾನು ಅವಳ ಭುಜ ಮುಟ್ಟಿದೆ. ಅವಳ ಅಂಗೈ ಮಗುವಿನ ಬೆನ್ನ ಮೇಲಿತ್ತು. "ಗೊತ್ತಾಗ್ತಿದೆ, ಅಳ್ಲಿ ಬಿಡು. ಸೆಖೆಗೆ ಅಳ್ತಿದೆ" ಎಂದಳು.

ಆ ರಾತ್ರಿ ಅವಳ ಗಂಡ ಮಗುವನ್ನು ನೋಡಿ, ಒಲೆ ಹಚ್ಚಿ, ತಾವೇ ಅನ್ನಕ್ಕಿಟ್ಟರಂತೆ. ಮುಂದಿನ ವಾರ ನಾನು ಆ ಕೊಕ್ಕೆಯ ಮೇಲೆ ಯಾರೂ ಏನನ್ನೂ ನೇತುಹಾಕದಂತೆ ಒಂದು ತೂತುತೂತಿನ ಪ್ಲಾಸ್ಟಿಕ್ ಬುಟ್ಟಿ ಕವುಚಿ ಬಿಗಿದೆ. ಮಗು ನಡೆಯುವವರೆಗೂ ಆ ಕೆಂಪು ದೀಪ ಕೆಲಸ ಮಾಡಿತು. ಬೇಕಾದಷ್ಟು ಸಲ ಕೆಟ್ಟಿತು, ಬೇಕಾದಷ್ಟು ಸಲ ಬೈಸಿಕೊಂಡು ರಿಪೇರಿ ಮಾಡಿದೆ. ನಡೆಯಲು ಕಲಿತ ಮೇಲೆ ಮಗು ಅಮ್ಮ ಬೇಕಾದಾಗ ಅಳುತ್ತಲೇ ಇರಲಿಲ್ಲ. ಬಂದು ಸೆರಗು ಹಿಡಿದು ಜಗ್ಗುತ್ತಿತ್ತು.

ನನಗೆ ಶಿವಮೊಗ್ಗದಲ್ಲಿ ಕಾಯಂ ಕೆಲಸ ಸಿಕ್ಕಿತು, ಮದುವೆಯಾಯಿತು. ಹದಿನೆಂಟು ಕಿಲೋಮೀಟರೋ ಇಪ್ಪತ್ತೋ, ಬಸ್ಸು ಹತ್ತಿದರೆ ಅರ್ಧ ಮುಕ್ಕಾಲು ಗಂಟೆಯ ದಾರಿ. ಹೋಗಬಹುದಿತ್ತು... ಎರಡು ಮೂರು ಸಲ ಹೋದೆ ಕೂಡ. ಆಮೇಲೆ ಅವರು ಮನೆ ಬದಲಾಯಿಸಿದರು. ಫೋನಿನಲ್ಲಿ ಮಾತಾಡಿಸೋಣವೆಂದರೆ ಅವಳಿಗೆ ಫೋನಿನಿಂದ ಏನು ಪ್ರಯೋಜನ? ಗಂಡನ ನಂಬರಿಗೆ ಹಬ್ಬದ ದಿನ ಶುಭಾಶಯ ಕಳಿಸುತ್ತಿದ್ದೆ, ಅವರು ಒಂದು ಕೈಮುಗಿದ ಚಿತ್ರ ಕಳಿಸುತ್ತಿದ್ದರು.

ಕೊರೋನಾ ಕಳೆದು ಎಲ್ಲ ತೆರೆದ ಮೇಲೆ ಒಂದು ದಿನ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಅವರು ಸಿಕ್ಕರು. ಬಹಳ ಇಳಿದುಹೋಗಿದ್ದರು. ಅಕ್ಕ ಹೇಗಿದ್ದಾಳೆ ಎಂದೆ. ಅವರು ನನ್ನನ್ನೇ ನೋಡಿದರು. ನನಗೆ ಸುದ್ದಿಯೇ ತಲುಪಿರಲಿಲ್ಲ ಎಂಬುದು ಅವರಿಗೆ ಆಗ ಗೊತ್ತಾಯಿತು. ಎರಡನೇ ಅಲೆಯಲ್ಲಿ ಆಸ್ಪತ್ರೆಗೆ ಸೇರಿಸಿದ್ದರಂತೆ. ಒಳಗೆ ಮನೆಯವರನ್ನು ಬಿಡುತ್ತಿರಲಿಲ್ಲ.

"ಡಾಕ್ಟ್ರು, ನರ್ಸಮ್ಮಂದಿರು ಎಲ್ಲಾ ಒಳ್ಳೆಯವ್ರೇ ಮೇಡಂ. ಚೆನ್ನಾಗೇ ನೋಡ್ಕೊಂಡ್ರು. ಆದ್ರೆ ಎಲ್ಲಾರ ಬಾಯಿಗೂ ಮಾಸ್ಕು. ಅವ್ಳಿಗೆ ಯಾರು ಏನ್ ಹೇಳ್ತಿದಾರೆ ಅಂತ ಕೊನೇ ತನಕ ಗೊತ್ತಾಗ್ಲೇ ಇಲ್ಲ."

ಅವರು ಬಸ್ಸು ಹತ್ತಿ ಹೋದರು. ನಾನು ಅಲ್ಲೇ ನಿಂತಿದ್ದೆ. ಎಷ್ಟೆಲ್ಲ ತಂತಿ, ಬೆಸುಗೆ, ಬೋರ್ಡು ಗೊತ್ತಿದ್ದೂ ಆ ವಾರ್ಡಿನ ಒಳಗೆ ಏನು ಮಾಡಬಹುದಿತ್ತೆಂದು ಇವತ್ತಿಗೂ ನನಗೆ ಹೊಳೆದಿಲ್ಲ. ಹೊಳೆದಿದ್ದರೂ ಯಾರನ್ನು ಕೇಳಬೇಕಿತ್ತು, ಯಾರ ಕೈಯಲ್ಲಿ ಕಳಿಸಬೇಕಿತ್ತು... ಈ ಸಿಟ್ಟನ್ನು ಯಾರ ಮೇಲೆ ಇಡಬೇಕೆಂದೂ ತಿಳಿಯುವುದಿಲ್ಲ. ಅದು ಸುಮ್ಮನೆ ಒಳಗೆ ಕೂತಿದೆ.

ಮೊನ್ನೆ ಭಾನುವಾರ ಕೆಲಸವನ್ನು ಅರ್ಧಕ್ಕೆ ಬಿಟ್ಟು ಅವಳ ಗಂಡನ ನಂಬರಿಗೆ ಫೋನ್ ಮಾಡಿದೆ. ಯಾಕೆ ಮಾಡಿದೆನೋ. ಎತ್ತಿದ್ದು ಒಬ್ಬ ಹುಡುಗಿ.

"ಅಪ್ಪ ಇಲ್ಲ. ಅಂಗಡಿಗೆ ಹೋಗಿದಾರೆ. ಯಾರು ಅಂತ ಹೇಳ್ಲಿ?"

ಒಂದೊಂದು ಮಾತನ್ನೂ ಬಿಡಿಸಿ, ತುಟಿ ಪೂರ್ತಿ ತೆರೆದು ಆಡಿದಂತೆ, ಅವಸರವಿಲ್ಲದೆ ಹೇಳಿದಳು. ಅವಳ ವಯಸ್ಸಿನ ಮಕ್ಕಳು ಯಾರೂ ಹಾಗೆ ಮಾತಾಡುವುದಿಲ್ಲ. ಎದುರಿಗೆ ಕೂತು ತನ್ನ ಬಾಯನ್ನೇ ನೋಡುತ್ತಿರುವ ಒಬ್ಬರಿಗಾಗಿ ಕಲಿತ ಮಾತು ಅದು. ನೋಡುವವರು ಇಲ್ಲವಾದ ಮೇಲೂ ಹಾಗೇ ಉಳಿದಿದೆ. ನಾನು ನನ್ನ ಹೆಸರು ಹೇಳಿದೆ. "ಸರಿ, ಹೇಳ್ತೀನಿ" ಎಂದಳು ಹುಡುಗಿ. ಇನ್ನೂ ಏನಾದರೂ ಹೇಳುತ್ತೇನೆಂದು ಸ್ವಲ್ಪ ಹೊತ್ತು ಕಾದು, ಆಮೇಲೆ ಫೋನ್ ಇಟ್ಟಳು.